ಕೊನೆಗೆ ಸೇರಿಸಿದ್ದನ್ನು ಮೊದಲು ಬಿಚ್ಚಬೇಕು

ಪ್ಲಸ್ ವನ್ ಪ್ರವೇಶದ ದಿನಗಳಲ್ಲಿ ಕಾಸರಗೋಡಿನ ಮನೆಗಳಲ್ಲಿ ಗಡಿಯಾರಕ್ಕೆ ಬರುವ ಬೆಲೆ ವರ್ಷದ ಬೇರೆ ಯಾವ ದಿನಗಳಲ್ಲಿಯೂ ಇರುವುದಿಲ್ಲ. ಏಕಗವಾಕ್ಷಿ ವ್ಯವಸ್ಥೆಯಲ್ಲಿ ಸೀಟು ಹಂಚಿಕೆಯಾದ ವಿದ್ಯಾರ್ಥಿ ನಿಗದಿತ ಸಮಯದೊಳಗೆ ಶಾಲೆಗೆ ಹೋಗಿ ಸೇರದಿದ್ದರೆ ಆ ಸೀಟು ಕೈತಪ್ಪುವುದು ಮಾತ್ರವಲ್ಲ, ಮುಂದಿನ ಹಂಚಿಕೆಗಳಲ್ಲಿಯೂ ಹೆಸರನ್ನು ಪರಿಗಣಿಸುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗುವಿಗೆ, ಕನ್ನಡವನ್ನು ಭಾಷಾ ವಿಷಯವಾಗಿ ಮುಂದುವರಿಸುವ ಅವಕಾಶವಿರುವ, ದಿನಾಲೂ ಬಸ್ಸಿನಲ್ಲಿ ಹೋಗಿಬರಬಹುದಾದ ಶಾಲೆಯೊಂದು ದೊರಕಿದರೆ ಅದು ಸಣ್ಣ ಅದೃಷ್ಟವೇನಲ್ಲ.

ಅಂತಹ ಅದೃಷ್ಟದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ನೀರ್ಚಾಲಿನ ಸಮೀಪದ ತಂದೆ ಮಗಳಿಬ್ಬರು ಕೊನೆಯ ದಿನ ಮಧ್ಯಾಹ್ನದ ಮೇಲೆ ಮಳೆಯಲ್ಲಿಯೇ ಬೈಕಿನಲ್ಲಿ ಕುಂಬಳೆಯ ಕಡೆಗೆ ಹೊರಟಿದ್ದರು. ಕೊನೆಯ ದಿನದವರೆಗೆ ತಡೆದುದಕ್ಕೆ ಕಾರಣವಿತ್ತು. ತಂದೆ ಅಡಿಕೆ ತೋಟಗಳಿಗೆ ಮದ್ದು ಬಿಡುವ ಕೆಲಸದವರು. ಜೂನ್ ತಿಂಗಳಿನಲ್ಲಿ ಮಳೆ ನಾಲ್ಕು ಗಂಟೆ ಬಿಡುವು ಕೊಟ್ಟರೂ ತೋಟದ ಯಜಮಾನರ ಕರೆ ಬರುತ್ತದೆ. ಆ ದಿನಗಳ ಕೂಲಿಯನ್ನು ಬಿಟ್ಟರೆ ವರ್ಷದ ಲೆಕ್ಕ ಕೂಡಿಬರುವುದಿಲ್ಲ. ಬೇಳ ದಾಟಿ ಸೀತಾಂಗೋಳಿ ತಲುಪುವ ಮೊದಲೇ ಬೈಕು ಎರಡು ಬಾರಿ ಬಿಕ್ಕಳಿಸಿ ನಿಂತಿತು. ಸ್ಟಾರ್ಟರ್ ಒತ್ತಿದರೆ ಟಕ್ ಎಂಬ ಒಂದು ಸದ್ದು, ಮೀಟರಿನ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಬೆಳಗುವುದು, ಅಷ್ಟೆ. ಇಂಜಿನ್ನಿನ ಚಿತ್ರವಿರುವ ಹಳದಿ ದೀಪ ಆರದೆ ಉರಿಯುತ್ತಿತ್ತು.

ಆ ದಾರಿಯಲ್ಲಿ ಬಂದ ಆಟೋರಿಕ್ಷಾದವನೊಬ್ಬ ಬಾಡಿಗೆಯ ಮಾತೆತ್ತದೆ ಇಬ್ಬರನ್ನೂ ಹತ್ತಿಸಿಕೊಂಡ. ಶಾಲೆಯ ಕಚೇರಿ ಮುಚ್ಚುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಅವರು ಅಲ್ಲಿ ತಲುಪಿದರು. ಸೇರ್ಪಡೆಯಾಯಿತು. ಆದರೆ ಹಿಂದಿರುಗುವಾಗ ತಂದೆಯ ಮನಸ್ಸಿನಲ್ಲಿದ್ದುದು ಒಂದೇ ಪ್ರಶ್ನೆ: ಸಾಲದ ಕಂತು ಇನ್ನೂ ತೀರದ, ಖರೀದಿಸಿ ವರ್ಷವೊಂದು ಕಳೆದ ಬೈಕು ಹೀಗೇಕೆ ನಿಂತಿತು?

ಉತ್ತರ ಬಲ್ಲವನು ಮನೆಯಲ್ಲಿಯೇ ಇದ್ದ. ಹಿರಿಯ ಮಗ, ಇಪ್ಪತ್ತರ ತರುಣ, ಬದಿಯಡ್ಕದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವನು, ಮೇ ತಿಂಗಳಿನಲ್ಲಿ ಸ್ನೇಹಿತನೊಬ್ಬನಿಂದ ಬಳಸಿದ ಪೆಟ್ಟಿಗೆಯೊಂದನ್ನು ಕೊಂಡು ಬೈಕಿಗೆ ಜೋಡಿಸಿದ್ದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆ. ಅದನ್ನು ಹಾಕಿದರೆ ಇಂಜಿನ್ ಚುರುಕಾಗುತ್ತದೆ, ಏರಿನಲ್ಲಿ ಗೇರ್ ಇಳಿಸಬೇಕಾಗುವುದಿಲ್ಲ ಎಂಬುದು ಕೇಳಿದ ಮಾತು. ಮೊದಲ ವಾರ ಹಾಗೆಯೇ ಆಗಿತ್ತು. ಎರಡನೆಯ ವಾರದಿಂದ ಬೈಕು ನಿಂತಲ್ಲಿ ನಿಂತು ಏದುಸಿರು ಬಿಡತೊಡಗಿತು: ಇಂಜಿನ್ನಿನ ವೇಗ ತಾನಾಗಿಯೇ ಏರುವುದು, ಇಳಿಯುವುದು. ಪೆಟ್ರೋಲಿನ ವಾಸನೆ ಹೆಚ್ಚಿತು. ಲೀಟರಿಗೆ ನಲವತ್ತೆರಡು ಕಿಲೋಮೀಟರ್ ಓಡುತ್ತಿದ್ದುದು ಮೂವತ್ತೊಂದಕ್ಕೆ ಇಳಿಯಿತು. ತಂದೆಗೆ ಇದಾವುದನ್ನೂ ಆತ ತಿಳಿಸಿರಲಿಲ್ಲ.

ಇಂತಹ ಪೆಟ್ಟಿಗೆಗಳು ಈಗ ವಿರಳವಲ್ಲ. ಬೆಂಗಳೂರಿನಲ್ಲಿಯೂ ತಯಾರಾಗುತ್ತವೆ, ವಿದೇಶಗಳಿಂದಲೂ ಬರುತ್ತವೆ. ಅವು ಏನು ಮಾಡುತ್ತವೆ ಎಂಬುದನ್ನು ತಿಳಿಯಲು, ಬೈಕಿನಲ್ಲಿ ಪೆಟ್ರೋಲ್ ಉರಿಯುವ ಕ್ರಮ ಹೇಗೆ ಬದಲಾಗಿದೆ ಎಂಬುದನ್ನು ಮೊದಲು ತಿಳಿಯಬೇಕು. ಹಳೆಯ ಬೈಕುಗಳಲ್ಲಿ ಕಾರ್ಬ್ಯುರೇಟರ್ ಇತ್ತು. ಒಳಗೆ ಸೂಜಿಯ ಕಣ್ಣಿನಂತಹ ರಂಧ್ರಗಳು. ಗಾಳಿಯ ಸೆಳೆತಕ್ಕೆ ಪೆಟ್ರೋಲ್ ತಾನಾಗಿ ಮೇಲೇರಿ ಬೆರೆಯುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಆ ಸ್ಥಾನವನ್ನು ಇಂಜೆಕ್ಟರ್ ಆಕ್ರಮಿಸಿತು. ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಕಳುಹಿಸುತ್ತದೆ. ಇಸಿಯು ಎಂಬ ಚಿಕ್ಕ ಗಣಕವು ಇಂಜೆಕ್ಟರಿನ ಬಾಯಿಯನ್ನು ಎಷ್ಟು ಹೊತ್ತು ತೆರೆದಿಡಬೇಕೆಂದು ತೀರ್ಮಾನಿಸುತ್ತದೆ. ಆ ಹೊತ್ತಿನ ಅಳತೆ ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ನಿಮಿಷಕ್ಕೆ 1,400 ಸುತ್ತು ತಿರುಗುತ್ತಾ ನಿಂತಿರುವ ಇಂಜಿನ್ನಿಗೆ ಎರಡು ಸುತ್ತು ಮುಗಿಸಲು ಸುಮಾರು 86 ಮಿಲಿಸೆಕೆಂಡ್ ಬೇಕು. ಅದರೊಳಗೆ ಇಂಜೆಕ್ಟರ್ ತೆರೆದಿರುವುದು ಎರಡೋ ಮೂರೋ ಮಿಲಿಸೆಕೆಂಡ್ ಮಾತ್ರ.

ಈ ತೀರ್ಮಾನಕ್ಕೆ ಇಸಿಯುವಿಗೆ ಸಾಕ್ಷಿಗಳು ಬೇಕು. ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಸವಾರ ಆಕ್ಸಿಲರೇಟರನ್ನು ಎಷ್ಟು ತಿರುಗಿಸಿದ್ದಾನೆ, ಒಳಬರುವ ಗಾಳಿಯ ಒತ್ತಡವೆಷ್ಟು, ಬಿಸಿ ಎಷ್ಟು ಎಂದು ಸೆನ್ಸರ್‌ಗಳು ಹೇಳುತ್ತವೆ. ಕೊನೆಯ ಮತ್ತು ಮುಖ್ಯವಾದ ಸಾಕ್ಷಿ ಹೊಗೆಕೊಳವೆಯಲ್ಲಿ ಕುಳಿತಿರುವ ಆಕ್ಸಿಜನ್ ಸೆನ್ಸರ್. ಉರಿದ ಮೇಲೆ ಆಮ್ಲಜನಕ ಉಳಿದಿದ್ದರೆ ಅದು 0.1 ವೋಲ್ಟಿನ ಹತ್ತಿರದ ಸಂಕೇತ ಕೊಡುತ್ತದೆ: ಪೆಟ್ರೋಲ್ ಸಾಲದು ಎಂದರ್ಥ. ಆಮ್ಲಜನಕ ಮುಗಿದಿದ್ದರೆ 0.8, 0.9 ವೋಲ್ಟ್: ಪೆಟ್ರೋಲ್ ಹೆಚ್ಚಾಯಿತು. ಇಸಿಯು ಅದನ್ನು ಕೇಳಿಸಿಕೊಂಡು ಇಂಜೆಕ್ಟರಿನ ಹೊತ್ತನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಶುದ್ಧ ಪೆಟ್ರೋಲಿನಲ್ಲಿ ಒಂದು ಗ್ರಾಂ ಇಂಧನಕ್ಕೆ 14.7 ಗ್ರಾಂ ಗಾಳಿ ಎಂಬುದು ಅದರ ಗುರಿ. ಶೇಕಡಾ 20 ಎಥೆನಾಲ್ ಬೆರೆತ ಇಂಧನದಲ್ಲಿ ಆ ಅಂಕಿ 13.5ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಅದೇ ಗಾಳಿಗೆ ತುಸು ಹೆಚ್ಚು ಇಂಧನ ಬೇಕು. ಎಥೆನಾಲ್ ಬಂದ ಮೇಲೆ ಬೈಕು ಸೊರಗಿತೆಂದು ಪೆಟ್ಟಿಗೆ ಹಾಕಿಸುವವರಿದ್ದಾರೆ. ಸಾಧಾರಣ ಓಟದಲ್ಲಿ ಆ ಕೊರತೆಯನ್ನು ತುಂಬುವ ಕೆಲಸವನ್ನು ಈ ಸೆನ್ಸರ್ ಮತ್ತು ಇಸಿಯು ಪೆಟ್ಟಿಗೆಯ ಹಂಗಿಲ್ಲದೆ ಮಾಡುತ್ತಿರುತ್ತವೆ.

ಹೊರಗಿನಿಂದ ತಂದು ಸೇರಿಸುವ ಪೆಟ್ಟಿಗೆಯು ಇಸಿಯು ಮತ್ತು ಇಂಜೆಕ್ಟರಿನ ನಡುವೆ ಕುಳಿತುಕೊಳ್ಳುತ್ತದೆ. ಇಸಿಯು ಎರಡೂವರೆ ಮಿಲಿಸೆಕೆಂಡ್ ಎಂದರೆ ಇದು ಅದನ್ನು ಮೂರಕ್ಕೆ ಎಳೆಯುತ್ತದೆ. ಯಾವ ವೇಗದಲ್ಲಿ ಎಷ್ಟು ಎಳೆಯಬೇಕೆಂಬ ಕೋಷ್ಟಕವು ಅದರೊಳಗಿರುತ್ತದೆ. ಅದಕ್ಕೆ ಮ್ಯಾಪ್ ಎನ್ನುತ್ತಾರೆ. ತೊಡಕು ಆರಂಭವಾಗುವುದು ಇಲ್ಲಿಯೇ. ಪೆಟ್ಟಿಗೆ ಹೆಚ್ಚು ಸುರಿಯಿತು. ಆಕ್ಸಿಜನ್ ಸೆನ್ಸರ್ ದೂರು ಹೇಳಿತು. ಇಸಿಯು ಕಡಿಮೆ ಮಾಡಿತು. ಪೆಟ್ಟಿಗೆ ಮತ್ತೆ ಎಳೆಯಿತು. ಒಂದು ಗದ್ದೆಗೆ ಇಬ್ಬರು ನೀರು ತಿರುಗಿಸುವವರಿದ್ದು ಒಬ್ಬರಿಗೊಬ್ಬರ ಮಾತು ಗೊತ್ತಿಲ್ಲದಿದ್ದರೆ ಆಗುವ ಪರಿಯೇ ಇಲ್ಲಿಯೂ ಆಗುತ್ತದೆ. ನಿಂತಲ್ಲಿ ಬೈಕು ಏದುಸಿರು ಬಿಡುವುದಕ್ಕೆ ಇದು ಬಹು ಸಾಮಾನ್ಯವಾದ ಕಾರಣ. ಈ ಜಗಳವನ್ನು ತಪ್ಪಿಸಲೆಂದೇ ಹಲವು ತಯಾರಕರು ಆಕ್ಸಿಜನ್ ಸೆನ್ಸರಿನ ಸಂಕೇತವನ್ನೂ ತಮ್ಮ ಪೆಟ್ಟಿಗೆಯ ಮೂಲಕ ಹಾಯಿಸುವ ವ್ಯವಸ್ಥೆ ಮಾಡಿರುತ್ತಾರೆ, ಇಲ್ಲವೆ ಸೆನ್ಸರಿನ ಜಾಗಕ್ಕೆ ಹಾಕುವ ಬೇರೊಂದು ತುಂಡನ್ನು ಕೊಟ್ಟಿರುತ್ತಾರೆ. ಬಳಸಿದ ಪೆಟ್ಟಿಗೆಯನ್ನು ಕೈಯಿಂದ ಕೈಗೆ ಕೊಂಡಾಗ ಆ ತುಂಡು ಯಾರದೋ ಮೇಜಿನ ಸೆಳೆಖಾನೆಯಲ್ಲಿ ಉಳಿದುಬಿಡುತ್ತದೆ. ಈ ಮನೆಯಲ್ಲಿಯೂ ಆದುದು ಅದೇ.

ಬೈಕನ್ನು ಮರುದಿನ ಬೆಳಿಗ್ಗೆ ಪಿಕಪ್ ವಾಹನದಲ್ಲಿ ಮನೆಗೆ ತರಲಾಯಿತು. ದಾರಿಯಲ್ಲಿ ಒಂದು ಗ್ಯಾರೇಜಿನವರು ನೋಡಿ, ಪೆಟ್ರೋಲ್ ಪಂಪು ಹೋಗಿರಬೇಕು, ಇಲ್ಲವೆ ಸೆನ್ಸರ್ ಹೋಗಿರಬೇಕು, ಎರಡನ್ನೂ ಬದಲಿಸಿದರೆ ಸರಿಯಾದೀತು ಎಂದರು. ಬೆಲೆ ಕೇಳಿ ತಂದೆ ಮಾತಾಡಲಿಲ್ಲ. ಬಿಡಿಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಿಸುತ್ತಾ ಹೋಗುವುದು ರೋಗವನ್ನು ಹುಡುಕುವ ಕ್ರಮವಲ್ಲ. ರೋಗಿಯ ಹಣದಲ್ಲಿ ಔಷಧದ ಅಂಗಡಿಯನ್ನು ಖಾಲಿ ಮಾಡುವ ಕ್ರಮ.

ಆ ಸಂಜೆ ಮಗ ತಾನಾಗಿಯೇ ಬಾಯಿಬಿಟ್ಟ.

"ಅಪ್ಪ, ನಾನು ಅದಕ್ಕೆ ಒಂದು ಬಾಕ್ಸ್ ಹಾಕಿದ್ದೇನೆ."

"ಎಂತ ಬಾಕ್ಸ್?"

"ಪಿಕಪ್ ಜಾಸ್ತಿ ಆಗುವ ಬಾಕ್ಸ್."

ತಂದೆ ಸ್ವಲ್ಪ ಹೊತ್ತು ಅಂಗಳದ ಮಳೆಯನ್ನೇ ನೋಡಿ, "ಹಾಕಿದವನೇ ತೆಗಿ," ಎಂದರು.

ಬೈಗುಳಕ್ಕಿಂತ ಒಳ್ಳೆಯ ಸಲಹೆ ಅದು. ಚೆನ್ನಾಗಿ ಓಡುತ್ತಿದ್ದ ಯಂತ್ರಕ್ಕೆ ಏನನ್ನಾದರೂ ಸೇರಿಸಿದ ಮೇಲೆ ಅದು ಕೆಟ್ಟರೆ, ಹುಡುಕಾಟ ಆರಂಭವಾಗಬೇಕಾದುದು ಕೊನೆಗೆ ಸೇರಿಸಿದ್ದರಿಂದ. ಮೊದಲು ಯಂತ್ರವನ್ನು ಹಳೆಯ ಸ್ಥಿತಿಗೆ ತಂದು ನೋಡಬೇಕು. ಆಗ ತೊಂದರೆ ನಿಂತರೆ ಕಾರಣ ಪೆಟ್ಟಿಗೆ, ಅದರ ಜೋಡಣೆ ಅಥವಾ ಅದರ ಕೋಷ್ಟಕ. ನಿಲ್ಲದಿದ್ದರೆ ಕಾರಣ ಬೇರೆಡೆಯಲ್ಲಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬಾರಿಯೂ ಇಂಜಿನ್ ಚಾಲೂ ಮಾಡಿ ನೋಡಿ, ಕಂಡದ್ದನ್ನು ಬರೆದಿಡಬೇಕು. ಒಟ್ಟಿಗೆ ನಾಲ್ಕನ್ನು ಬದಲಿಸಿದವನಿಗೆ ಬೈಕು ಸರಿಯಾದರೂ ಏಕೆ ಸರಿಯಾಯಿತೆಂದು ತಿಳಿಯುವುದಿಲ್ಲ.

ತರುಣ ಸೀಟು ತೆಗೆದು, ಕೀಲಿ ಬಂದ್ ಮಾಡಿ, ಪೆಟ್ಟಿಗೆಯ ಸಾಕೆಟುಗಳನ್ನು ಕಳಚಿ, ಇಂಜೆಕ್ಟರಿನ ಮೂಲ ಸಾಕೆಟನ್ನು ಮೊದಲಿನಂತೆ ಕೂಡಿಸಿದ. ಸ್ಟಾರ್ಟರ್ ಒತ್ತಿದ. ಅದೇ ಟಕ್ ಸದ್ದು, ಅದೇ ಮಂಕಾಗುವ ದೀಪ. ಅವನ ಮುಖ ಅರಳಿತು ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಆದರೆ ಪೆಟ್ಟಿಗೆಯ ತಪ್ಪಲ್ಲವೆಂದು ತಾನು ಹೇಳಬಹುದಾದ ಕ್ಷಣ ಅದಾಗಿತ್ತು.

ಹಾಗೆ ಹೇಳಲು ತಂಗಿ ಬಿಡಲಿಲ್ಲ. ಪೆಟ್ಟಿಗೆಯೊಂದಿಗೆ ಬಂದಿದ್ದ ಇಂಗ್ಲಿಷ್ ಕಾಗದವನ್ನು ಅವಳು ಚಾವಡಿಯಲ್ಲಿ ಕುಳಿತು ನಿಘಂಟಿನ ನೆರವಿನಿಂದ ಓದುತ್ತಿದ್ದಳು. ಅಣ್ಣ ಅದನ್ನು ಮೇ ತಿಂಗಳಿನಲ್ಲಿಯೇ ಓದಿದ್ದ, ಚಿತ್ರಗಳನ್ನು ನೋಡಿ ಉಳಿದುದನ್ನು ಊಹಿಸಿದ್ದ. ಇಂಗ್ಲಿಷ್ ಸಲೀಸಾಗಿ ಬರುತ್ತದೆ ಎಂದುಕೊಂಡವರು ಹಾರಿಸಿ ಓದುತ್ತಾರೆ. ನಿಧಾನವಾಗಿ ಓದಬೇಕಾದವರು ಪ್ರತಿಯೊಂದು ಶಬ್ದದ ಮುಂದೆಯೂ ನಿಲ್ಲುತ್ತಾರೆ, ಹಾಗಾಗಿ ಅವರಿಗೆ ಏನೂ ತಪ್ಪಿಹೋಗುವುದಿಲ್ಲ. ಪೆಟ್ಟಿಗೆಯ ಕಪ್ಪು ತಂತಿಯ ಉಂಗುರವನ್ನು ಬ್ಯಾಟರಿಯ ಋಣ ತುದಿಗೆ ಬಿಗಿಯುವಾಗ ಬೈಕಿನ ಮೂಲ ಕೇಬಲ್ ಕೆಳಗಿರಬೇಕು, ಈ ಉಂಗುರ ಅದರ ಮೇಲೆ ಬರಬೇಕು ಎಂಬ ಒಂದು ಸಾಲು ಅದರಲ್ಲಿತ್ತು.

"ಅಣ್ಣ, ಕಪ್ಪು ವಯರು ತೆಗೆದಿದ್ದೀಯಾ?"

ತೆಗೆದಿರಲಿಲ್ಲ. ಸಾಕೆಟುಗಳನ್ನು ಕಳಚಿದ್ದನ್ನೇ ಪೆಟ್ಟಿಗೆಯನ್ನು ತೆಗೆದುದೆಂದು ಆತ ಭಾವಿಸಿದ್ದ. ಕಪ್ಪು ತಂತಿಯ ತೆಳ್ಳನೆಯ ಉಂಗುರ ಬ್ಯಾಟರಿಯ ಸೀಸದ ತುದಿಗೂ ಬೈಕಿನ ದಪ್ಪ ಅರ್ತ್ ಕೇಬಲ್ಲಿಗೂ ನಡುವೆ ಹಾಗೆಯೇ ಇತ್ತು. ಬೋಲ್ಟ್ ಬಿಚ್ಚಿದಾಗ ಉಂಗುರದ ಸುತ್ತ ಹಸಿರು ಪುಡಿ ಕಟ್ಟಿಕೊಂಡಿರುವುದು ಕಾಣಿಸಿತು. ಹತ್ತಿರ ಬಂದ ತಂದೆ ಬಗ್ಗಿ ನೋಡಿ, "ಇದು ತುತ್ತಿನ ಬಣ್ಣ," ಎಂದರು. ಮೈಲುತುತ್ತು ಮತ್ತು ಸುಣ್ಣ ಕಲಸುವ ಕೈಗಳಿಗೆ ಆ ಬಣ್ಣದ ಗುರುತು ತಪ್ಪುವುದಿಲ್ಲ. ತಾಮ್ರಕ್ಕೆ ನೀರು ಮತ್ತು ಗಾಳಿ ತಗುಲಿದಾಗ ಹುಟ್ಟುವ ಹಸಿರು ಅದು. ತುತ್ತಿನ ಚೀಲಗಳನ್ನು ಅದೇ ಬೈಕಿನಲ್ಲಿ ಹೇರುತ್ತಿದ್ದುದರಿಂದ ಇನ್ನಷ್ಟು ಬೇಗ ಹುಟ್ಟಿದ್ದರೂ ಇರಬಹುದು.

ಅಂಗಡಿಯಿಂದ ತಂದಿದ್ದ ಮಲ್ಟಿಮೀಟರಿನಿಂದ ಆತ ಬ್ಯಾಟರಿಯನ್ನು ಈ ಮೊದಲೇ ಅಳೆದಿದ್ದ. 12.4 ವೋಲ್ಟ್ ಬಂದಿತ್ತು, ಬ್ಯಾಟರಿ ಸರಿಯಿದೆಯೆಂದು ಮೀಟರನ್ನು ಎತ್ತಿಟ್ಟಿದ್ದ. ಬೋಲ್ಟನ್ನು ಮರಳಿ ಮೊದಲಿನಂತೆಯೇ ಬಿಗಿದು, ಈ ಬಾರಿ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಇಂಜಿನ್ನಿನ ಲೋಹದ ಮೈಗೂ ಹಿಡಿದು, ತಂಗಿಗೆ ಸ್ಟಾರ್ಟರ್ ಒತ್ತಲು ಹೇಳಿದ. ಎರಡೂ ಒಂದೇ ತಂತಿಯ ಎರಡು ತುದಿಗಳು. ನಡುವೆ ವಿಭವಾಂತರ ಇರಬಾರದು, ಇದ್ದರೂ ವೋಲ್ಟಿನ ಒಂದೆರಡು ದಶಾಂಶವನ್ನು ಮೀರಬಾರದು. ಮೀಟರು 1.2 ತೋರಿಸಿತು. ಶಾಲೆಯ ಪಾಠದಲ್ಲಿರುವ ಓಮನ ನಿಯಮ ಇಲ್ಲಿ ಅಂಗಳಕ್ಕೆ ಇಳಿದು ಬರುತ್ತದೆ. ಸ್ಟಾರ್ಟರ್ ಮೋಟಾರು ಎಳೆಯುವ ವಿದ್ಯುತ್ತು ಹತ್ತಾರು ಆಂಪಿಯರ್. 60 ಎಂದು ಹಿಡಿದರೆ, 1.2ನ್ನು 60ರಿಂದ ಭಾಗಿಸಿದಾಗ ಬರುವ ರೋಧ 0.02 ಓಮ್. ಆ ಹಸಿರು ಪುಡಿಯ ರೋಧ ಅಷ್ಟೆ. ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಆದರೆ ಮೋಟಾರು ತಿರುಗಬೇಕಾದಾಗ ಅದು ಒಂದು ವೋಲ್ಟಿಗಿಂತಲೂ ಹೆಚ್ಚನ್ನು ನುಂಗಿ, ಇಸಿಯುವಿಗೆ ಅರೆಹೊಟ್ಟೆ ಉಳಿಸುತ್ತದೆ. ಅರೆಹೊಟ್ಟೆಯ ಇಸಿಯು ಸೆನ್ಸರ್‌ಗಳ ಮಾತನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತದೆ, ಕೆಲವೊಮ್ಮೆ ತಾನೇ ನಿಂತು ಮತ್ತೆ ಆರಂಭವಾಗುತ್ತದೆ. ಬೇಳದ ದಾರಿಯಲ್ಲಿ ಬೈಕು ಬಿಕ್ಕಳಿಸಿದ್ದು ಹೀಗೆ.

ಉಂಗುರವನ್ನು ತೆಗೆದು, ತುದಿಗಳನ್ನು ಮರಳು ಕಾಗದದಿಂದ ಉಜ್ಜಿ, ದಪ್ಪ ಕೇಬಲನ್ನು ನೇರವಾಗಿ ಬಿಗಿದು, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದ ಮೇಲೆ ಮೀಟರು 0.1 ತೋರಿಸಿತು. ಒತ್ತಿದ ಕೂಡಲೇ ಬೈಕು ಚಾಲೂ ಆಯಿತು. ಓಡುವಾಗ ಬ್ಯಾಟರಿಯ ತುದಿಗಳ ನಡುವೆ 14.1 ವೋಲ್ಟ್. ಹದಿಮೂರೂವರೆಯಿಂದ ಹದಿನಾಲ್ಕೂವರೆಯ ನಡುವೆ ಇದ್ದರೆ ಬ್ಯಾಟರಿಗೆ ಚಾರ್ಜು ಸರಿಯಾಗಿ ಸೇರುತ್ತಿದೆಯೆಂದು ತಿಳಿಯಬಹುದು.

ಇಲ್ಲಿಗೆ ಕತೆ ಮುಗಿದಿದ್ದರೆ ಎಲ್ಲ ಅಪರಾಧವೂ ಒಂದು ಉಂಗುರದ ಮೇಲೆ ಬೀಳುತ್ತಿತ್ತು. ಆದರೆ ಬೈಕು ಈಗ ಇನ್ನೊಂದು ಬಗೆಯಲ್ಲಿ ಕೆಟ್ಟಿತು. ಪೆಟ್ಟಿಗೆ ಪೂರ್ತಿಯಾಗಿ ಹೊರಗಿದೆ, ಪೆಟ್ರೋಲಿನ ವಾಸನೆ ಹೋಗಿದೆ, ಆದರೆ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ತಡವರಿಸುತ್ತದೆ, ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ ಸದ್ದು. ಪೆಟ್ಟಿಗೆ ಇರುವಾಗಲೇ ಚೆನ್ನಾಗಿತ್ತು ಎಂದು ಹೇಳಿ ಅದನ್ನು ಮರಳಿ ಹಾಕಿಸುವವರು ಬಹುಮಂದಿ ಎಡವುವುದು ಈ ಮೆಟ್ಟಿಲಿನಲ್ಲಿ. ಕಾರಣ ಸರಳ. ಒಂದು ತಿಂಗಳಿಗೂ ಹೆಚ್ಚು ಕಾಲ ಪೆಟ್ಟಿಗೆ ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು, ಇಸಿಯು ಅದನ್ನು ಸರಿದೂಗಿಸಲು ತನ್ನ ಲೆಕ್ಕವನ್ನು ಕಡಿಮೆ ಮಾಡಿಕೊಳ್ಳುತ್ತಾ ಬಂದು, ಆ ಕಡಿಮೆಯನ್ನೇ ನೆನಪಿನಲ್ಲಿಟ್ಟುಕೊಂಡಿತ್ತು. ಪೆಟ್ಟಿಗೆ ಹೋದ ಮೇಲೆ ಆ ಕಡಿಮೆ ಲೆಕ್ಕ ನಿಜವಾಗಿಯೇ ಕಡಿಮೆಯಾಯಿತು. ಅದು ಹೊಸದಾಗಿ ಕಲಿಯಬೇಕು. ಕೆಲವು ಬೈಕುಗಳಲ್ಲಿ ಕೆಲವು ಕಿಲೋಮೀಟರ್ ಓಡಿದರೆ ಸಾಕು, ಕೆಲವಕ್ಕೆ ಕೆಲವು ದಿನ ಬೇಕು. ಬ್ಯಾಟರಿಯನ್ನು ಕಳಚಿಟ್ಟರೆ ಹಳೆಯದು ಮರೆತುಹೋಗುತ್ತದೆ ಎಂಬ ಮಾತು ಎಲ್ಲ ಬೈಕುಗಳಿಗೂ ಅನ್ವಯಿಸುವುದಿಲ್ಲ. ಹಲವು ಮಾದರಿಗಳಲ್ಲಿ ಅದನ್ನು ಅಳಿಸಲು ಕಂಪೆನಿಯ ಸರ್ವಿಸ್ ಕೇಂದ್ರದ ಸ್ಕ್ಯಾನರೇ ಬೇಕು.

ಮೂರನೆಯ ದಿನಕ್ಕೆ ತಡವರಿಕೆ ನಿಂತಿತು. ಹಳದಿ ದೀಪ ಮಾತ್ರ ಆರಲಿಲ್ಲ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದಾಗ ಅದರ ತುದಿ ಒಲೆಯ ಮೇಲಿನ ಮಡಕೆಯ ತಳದಂತೆ ಕಪ್ಪಾಗಿತ್ತು. ಆರೋಗ್ಯವಂತ ಪ್ಲಗ್ಗಿನ ತುದಿ ತಿಳಿ ಕಂದು. ಮಸಿ ಒಣಗಿದ್ದರೆ ಪೆಟ್ರೋಲ್ ಹೆಚ್ಚಾಗಿತ್ತೆಂದೂ, ಎಣ್ಣೆ ಎಣ್ಣೆಯಾಗಿದ್ದರೆ ಇಂಜಿನ್ ಆಯಿಲ್ ಒಳಗೆ ಸೇರುತ್ತಿದೆಯೆಂದೂ ತಿಳಿಯಬೇಕು. ಇಲ್ಲಿ ಒಣ ಮಸಿ. ಅದೇ ಮಸಿ ಆಕ್ಸಿಜನ್ ಸೆನ್ಸರಿನ ಮೇಲೂ ಕುಳಿತಿತ್ತು. ಹೊಸ ಪ್ಲಗ್ ಹಾಕಿ, ಸೆನ್ಸರನ್ನು ಬದಲಿಸದೆ, ಇಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಒಂದೆರಡು ದಿನ ಓಡಿಸಲಾಯಿತು. ಹೊಗೆ ಪರೀಕ್ಷೆಯ ಕೇಂದ್ರಕ್ಕೆ ಹೋಗಿ ಅಳೆಯಿಸಿ ಮುದ್ರಿತ ಚೀಟಿಯನ್ನು ತಂದುದು ತರುಣನ ಸ್ವಂತ ಬುದ್ಧಿ. ಆ ಚೀಟಿಯಲ್ಲಿ ಕಾರ್ಬನ್ ಮೊನಾಕ್ಸೈಡಿನ ಪ್ರಮಾಣ ಇರುತ್ತದೆ. ಅದು ಏರಿದ್ದರೆ ಪೆಟ್ರೋಲ್ ಪೂರ್ತಿಯಾಗಿ ಉರಿಯುತ್ತಿಲ್ಲ. ಅಲ್ಪ ಖರ್ಚಿನಲ್ಲಿ ದೊರೆಯುವ ಇಷ್ಟು ಒಳ್ಳೆಯ ಪರೀಕ್ಷೆಯನ್ನು ನಮ್ಮಲ್ಲಿ ಜನ ಪೊಲೀಸರಿಗೆ ತೋರಿಸುವ ಕಾಗದವೆಂದಷ್ಟೇ ತಿಳಿದಿದ್ದಾರೆ.

ಪೆಟ್ಟಿಗೆಯ ಕೋಷ್ಟಕದ ವಿಷಯವೂ ಆಮೇಲೆ ಹೊರಬಿತ್ತು. ಅದನ್ನು ಮಾರಿದ ಸ್ನೇಹಿತನ ಬೈಕಿನಲ್ಲಿ ಬೇರೆ ಸೈಲೆನ್ಸರ್, ಬೇರೆ ಏರ್ ಫಿಲ್ಟರ್ ಇದ್ದವು. ಹೆಚ್ಚು ಗಾಳಿ ಒಳಬರುವ ಇಂಜಿನ್ನಿಗೆ ಬರೆದ ಕೋಷ್ಟಕ ಅದು. ಗಾಳಿ ಮೊದಲಿನಷ್ಟೇ ಬರುವ ಬೈಕಿನಲ್ಲಿ ಅದು ಪೆಟ್ರೋಲನ್ನು ವ್ಯರ್ಥವಾಗಿ ಸುರಿಯದೆ ಇನ್ನೇನು ಮಾಡೀತು? ಉರಿಯದೆ ಉಳಿದ ಪೆಟ್ರೋಲ್ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ, ಅದನ್ನು ಕೆಂಡದಂತೆ ಕಾಯಿಸಿ ಕೊನೆಗೆ ಕೆಡಿಸುತ್ತದೆ. ಅದರ ಬೆಲೆ ಪೆಟ್ಟಿಗೆಯ ಬೆಲೆಯೊಂದಿಗೆ ಹೋಲಿಸುವಂಥದ್ದಲ್ಲ.

ಇಂತಹ ಜೋಡಣೆಯ ನಂತರ ಕಾಣುವ ಇನ್ನೆರಡು ತಪ್ಪುಗಳನ್ನು ಇಲ್ಲಿಯೇ ಹೇಳಿಬಿಡಬಹುದು. ತಂತಿ ಎಳೆಯಲು ಟ್ಯಾಂಕನ್ನು ಎತ್ತಿ ಮರಳಿ ಕೂರಿಸುವಾಗ ಪೆಟ್ರೋಲಿನ ಕೊಳವೆ ಮಡಚಿಕೊಳ್ಳುವುದುಂಟು, ಗಾಳಿಯ ಒತ್ತಡ ಅಳೆಯುವ ಸಣ್ಣ ರಬ್ಬರ್ ಕೊಳವೆ ಜಾರಿಬಿಡುವುದುಂಟು. ಹಾಗೆಯೇ, ಬೈಕು ಬಿದ್ದಾಗ ಇಂಜಿನ್ನನ್ನು ತಾನಾಗಿಯೇ ನಿಲ್ಲಿಸುವ ಸೆನ್ಸರೊಂದು ಹಲವು ಬೈಕುಗಳಲ್ಲಿದೆ. ಅದನ್ನು ಕಳಚಿ ಓರೆಯಾಗಿ ಅಥವಾ ತಲೆಕೆಳಗಾಗಿ ಕೂರಿಸಿದರೆ ಬೈಕು ಬಿದ್ದಿದೆಯೆಂದೇ ಇಸಿಯು ನಂಬುತ್ತದೆ, ಎಷ್ಟು ಒತ್ತಿದರೂ ಚಾಲೂ ಆಗುವುದಿಲ್ಲ. ಪೆಟ್ರೋಲಿನ ಕೊಳವೆಯಲ್ಲಿ ಒತ್ತಡ ಉಳಿದಿರುತ್ತದೆ. ಅದನ್ನು ಮನೆಯಂಗಳದಲ್ಲಿ ಕಳಚಲು ಹೋಗದಿರುವುದು ಲೇಸು.

ಯಂತ್ರದ ಮಾತು ಇಷ್ಟು. ಕಾಗದದ ಮಾತು ಬೇರೆ ಇದೆ. ಆ ಬೈಕಿನ ನೋಂದಣಿ ಪತ್ರ ಇರುವುದು ತಂದೆಯ ಹೆಸರಿನಲ್ಲಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಕೇರಳದಿಂದಲೇ ಹೋದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ಕಲಮನ್ನು ಬಿಗಿಯಾಗಿ ಅರ್ಥೈಸಿತು. ಇಂಜಿನ್ನಿನ ಸಾಮರ್ಥ್ಯವನ್ನಾಗಲಿ ಚೌಕಟ್ಟನ್ನಾಗಲಿ ಬದಲಿಸದ ಇಂತಹ ಪೆಟ್ಟಿಗೆ ಆ ಕಲಮಿನ ಅರ್ಥದಲ್ಲಿ ಮಾರ್ಪಾಡು ಹೌದೇ ಅಲ್ಲವೇ ಎಂದು ವಾದಿಸಲು ಎಡೆಯಿದೆ. ಆದರೆ ವಾದಕ್ಕೆ ಎಡೆಯಿದೆ ಎಂಬುದು ಕೂಲಿ ಬಿಟ್ಟು ನ್ಯಾಯಾಲಯದ ಜಗಲಿಯಲ್ಲಿ ನಿಲ್ಲಬೇಕಾದವನಿಗೆ ಸಮಾಧಾನವಲ್ಲ. 2019ರ ತಿದ್ದುಪಡಿಯಿಂದ ಬಂದ 182ಎ ಕಲಮಿನ ನಾಲ್ಕನೆಯ ಉಪಕಲಮು, ಅನುಮತಿಯಿಲ್ಲದ ರೀತಿಯಲ್ಲಿ ಹೊರಗಿನ ಭಾಗಗಳನ್ನು ಜೋಡಿಸಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಹೊಗೆಯ ಮಿತಿ ಮೀರಿದರೆ 190ನೆಯ ಕಲಮಿನ ಎರಡನೆಯ ಉಪಕಲಮು ಪ್ರತ್ಯೇಕವಾಗಿ ಎದುರಾಗುತ್ತದೆ: ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ. ಪೆಟ್ಟಿಗೆ ಹಾಕಿದವನು ಮಗ. ನೋಟೀಸು ಮೊದಲು ಹುಡುಕಿಕೊಂಡು ಬರುವುದು ನೋಂದಣಿ ಪತ್ರದ ಹೆಸರನ್ನು.

ಈ ಮನೆಯ ಮಗ ಇಪ್ಪತ್ತು ದಾಟಿದವನು. ಹದಿನೆಂಟು ತುಂಬದ ಮಕ್ಕಳ ಕೈಗೆ ಗೇರಿನ ಬೈಕು ಕೊಡುವ ಹೆತ್ತವರು 199ಎ ಕಲಮನ್ನು ಒಮ್ಮೆ ಓದಿಸಿ ಕೇಳಬೇಕು. ಅಲ್ಲಿ ಹೆತ್ತವರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ, ವಾಹನದ ನೋಂದಣಿ ಹನ್ನೆರಡು ತಿಂಗಳ ಕಾಲ ರದ್ದಾಗುತ್ತದೆ, ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ.

ವಾರಂಟಿ ಮತ್ತು ವಿಮೆಯ ವಿಷಯದಲ್ಲಿ ಮರೆಮಾಚುವಿಕೆಯೇ ದೊಡ್ಡ ಅಪಾಯ. ಕಂಪೆನಿಯ ತಂತಿಗೆ ಕಚ್ಚಿಸಿದ ಕ್ಲಿಪ್ಪಿನ ಗಾಯ ಪೆಟ್ಟಿಗೆಯನ್ನು ತೆಗೆದ ಮೇಲೂ ಉಳಿಯುತ್ತದೆ, ಸರ್ವಿಸ್ ಕೇಂದ್ರದವರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಸ್ವಂತ ವಾಹನದ ಹಾನಿಗೆ ಪರಿಹಾರ ಕೇಳುವಾಗ, ತಿಳಿಸದೆ ಮಾಡಿದ ಮಾರ್ಪಾಡು ವಿಮಾ ಕಂಪೆನಿಗೆ ತಕರಾರು ಎತ್ತಲು ಸಿದ್ಧವಾದ ಆಧಾರ. ಮೊದಲೇ ಹೇಳಿದವನಿಗೆ ಒಂದು ಭಾಗದ ವಾರಂಟಿ ಹೋದೀತು. ಅಡಗಿಸಿ ಸಿಕ್ಕಿಬಿದ್ದವನ ಉಳಿದ ಮಾತುಗಳನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ತಂದೆ ಮಗ ಇಬ್ಬರೂ ಒಟ್ಟಿಗೆ ಸರ್ವಿಸ್ ಕೇಂದ್ರಕ್ಕೆ ಹೋಗಿ, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ನಡೆದುದನ್ನು ಹೇಳಿದರು. ಸ್ಕ್ಯಾನರ್ ಜೋಡಿಸಿ ನೋಡಿದಾಗ ಆಕ್ಸಿಜನ್ ಸೆನ್ಸರಿನ ಹಳೆಯ ದೋಷದ ಸಂಕೇತವೊಂದು ನೆನಪಿನಲ್ಲಿ ಉಳಿದಿತ್ತು. ಈಗಿನ ದೋಷ ಯಾವುದೂ ಇರಲಿಲ್ಲ. ಅಳಿಸಿದಾಗ ಹಳದಿ ದೀಪ ಆರಿತು. ಪಂಪು ಬದಲಿಸುವ ಅಗತ್ಯ ಬೀಳಲಿಲ್ಲ, ಸೆನ್ಸರನ್ನೂ ಬದಲಿಸಬೇಕಾಗಲಿಲ್ಲ. ಕ್ಲಿಪ್ಪು ಕಚ್ಚಿದ್ದ ಎರಡು ತಂತಿಗಳನ್ನು ಬೆಸುಗೆ ಹಾಕಿ ಮುಚ್ಚಿದುದಕ್ಕೆ ಕೂಲಿ ಕೊಡಬೇಕಾಯಿತು. ಅದನ್ನು ಮಗ ತನ್ನ ಸಂಬಳದಿಂದ ಕೊಟ್ಟ.

ಇಂಗ್ಲಿಷ್ ಕಾಗದವನ್ನು ತಂಗಿ ಕನ್ನಡಕ್ಕೆ ಬರೆದಿಟ್ಟಿದ್ದಾಳೆ, ಹತ್ತನೆಯ ತರಗತಿಯ ಭೌತಶಾಸ್ತ್ರದ ನೋಟ್ ಪುಸ್ತಕದ ಉಳಿದ ಹಾಳೆಗಳಲ್ಲಿ. 12.4, 1.2, 0.1, 14.1 ಎಂಬ ಅಂಕಿಗಳು ದಿನಾಂಕದೊಂದಿಗೆ ಅದರ ಕೆಳಗಿವೆ. ಪೆಟ್ಟಿಗೆಯನ್ನು ಕೊಳ್ಳುತ್ತೇನೆಂದು ಪೆರ್ಲದ ಹುಡುಗನೊಬ್ಬ ಕೇಳಿ ಹೋಗಿದ್ದಾನೆ. ಅವನ ಬೈಕಿನ ನೋಂದಣಿ ಪತ್ರ ಯಾರ ಹೆಸರಿನಲ್ಲಿದೆಯೆಂದು ತಂದೆ ವಿಚಾರಿಸಿದ ಮೇಲೆ ಆತ ಮತ್ತೆ ಬಂದಿಲ್ಲ.